ಅಜ್ಜನ ಪೇಟ ಸೈಕಲ್ ಏರಿದ್ದು

ದಿಲ್ಲಿಯ ಮಯೂರ್ ವಿಹಾರ್‌ನಲ್ಲಿ ಮೂವತ್ತು ವರ್ಷ ಸೈಕಲ್ ರಿಪೇರಿ ಮಾಡಿದವನು ನಾನು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಆದರೆ ಬೆಲ್ಲಿನ ಸದ್ದು ಕೇಳಿಯೇ ಸೈಕಲ್ಲಿನ ಕಾಯಿಲೆ ಹೇಳಿಬಿಡುತ್ತಿದ್ದೆ. ಇಂಥವನ ಮುಂದೆ ವಿಚಿತ್ರಗಳು ರೇಷನ್ ಅಂಗಡಿಯ ಸಾಲಿನ ಹಾಗೆ ಬಂದು ನಿಲ್ಲುತ್ತವೆ. ಅದರಲ್ಲಿ ಒಂದು ಇದು.

೧. ಕಂಬಿ ಇಲ್ಲದ ಸೈಕಲ್

ನಮ್ಮ ಕಡೆ ಮೆಟ್ರೋದವರು ಇನ್ನೂ ಕಂಬ ನೆಡುತ್ತಿದ್ದ ಕಾಲ. ಮಹಿಳಾ ಸಂಘವೊಂದು ಹರಿಯಾಣದ ಹಳ್ಳಿಯೊಂದರ ಹುಡುಗಿಯರಿಗೆ ಸೈಕಲ್ ಹಂಚಿತು. ಜೋಡಿಸಲು, ಓಡಿಸುವುದನ್ನು ಕಲಿಸಲು ನನ್ನನ್ನು ಕರೆದೊಯ್ದರು. ಅಲ್ಲಿ ಶಾಲೆ ಎಂಟನೆಯವರೆಗೆ ಮಾತ್ರ. ಮುಂದಿನದು ಆರು ಕಿಲೋಮೀಟರ್ ಆಚೆ. ಒಬ್ಬ ಹುಡುಗಿಯ ಅಕ್ಕ ಎಂಟಕ್ಕೇ ಓದು ನಿಲ್ಲಿಸಿ, ಅದೇ ವರ್ಷ ಮದುವೆಯಾಗಿ ಹೋಗಿದ್ದಳು. ಸೈಕಲ್ ಇಲ್ಲದಿದ್ದರೆ ಇವಳಿಗೂ ಅದೇ ದಾರಿ.

ಒಂದು ಲೋಟ ಚಹಾ ಆರುವುದರೊಳಗೆ ಒಂಬತ್ತು ಸೈಕಲ್ ಜೋಡಿಸಿ ನಿಲ್ಲಿಸಿದೆ. ಲೋಟ ಸ್ವಲ್ಪ ದೊಡ್ಡದಿತ್ತು, ಇರಲಿ. ಆ ಹುಡುಗಿಯ ಅಜ್ಜ, ಸುತ್ತಲಿನ ಹಳ್ಳಿಗಳಿಗೆಲ್ಲ ಹಿರಿಯ, ಅವಳ ಸೈಕಲ್ಲಿನ ಸುತ್ತ ಎರಡು ಸುತ್ತು ಬಂದ.

"ನಡುವಿನ ಕಂಬಿ ಎಲ್ಲಿ, ಮಿಸ್ತ್ರಿ?"

"ಇದು ಲೇಡೀಸ್ ಸೈಕಲ್ಲು, ದಾದಾಜಿ. ಇದಕ್ಕೆ ಅದು ಇರೋದಿಲ್ಲ."

"ಅಚ್ಛಾ! ಹುಡುಗಿ ಅಂತ ಇದರಲ್ಲೂ ಕಡಿಮೆ ಕೊಟ್ಟಿರಾ?"

ಹಿತ್ತಿಲಿಗೆ ಹೋಗಿ ಹಳೇ ಗಾಡಿಯ ಕಬ್ಬಿಣದ ಸರಳು ತಂದು ನನ್ನ ಕೈಗಿಟ್ಟ. "ಹಾಕು. ಕೊಟ್ಟರೆ ಪೂರ್ತಿ ಕೊಡಬೇಕು."

೨. ನಾಳೆಗೆ ಇಟ್ಟ ಪಾಠ

ನಾನು ಕಲಿಸಿದರೆ ಎಮ್ಮೆಯೂ ಸೈಕಲ್ ಓಡಿಸುತ್ತದೆ. ಹುಡುಗಿ ಒಂದೇ ಮಧ್ಯಾಹ್ನದಲ್ಲಿ ಕಲಿತಳು. ಇಳಿಯುವುದನ್ನು ಮಾತ್ರ ನಾಳೆಗೆ ಇಟ್ಟುಕೊಂಡಿದ್ದೆ. ಹಿರಿಯರು ಹುಕ್ಕಾ ಸೇದುತ್ತ ಕೂತಿದ್ದ ಕಟ್ಟೆಗೆ ಅವಳು ಹನ್ನೊಂದು ಸುತ್ತು ಹಾಕಿ, ಕೊನೆಗೆ ಬೆರಣಿ ರಾಶಿಗೆ ನುಗ್ಗಿ ನಿಂತಳು.

ಅಜ್ಜ ಎದ್ದು ಬಂದ. "ಪೆಟ್ಟಾಯಿತಾ, ಬೇಟಿ?"

"ಇಲ್ಲ, ದಾದಾ."

"ಹನ್ನೊಂದು ಸಲ ಹಿರಿಯರ ಮುಂದೆ ಹೋದೆ. ಒಂದು ಸಲವಾದರೂ ಇಳಿದೆಯಾ?"

ಹಿರಿಯರ ಎದುರು ಅಲ್ಲಿನ ಹೆಣ್ಣುಮಕ್ಕಳು ಮಂಚದ ಮೇಲೂ ಕೂರುವುದಿಲ್ಲ. ಹಾಗಾಗಿ ಕಟ್ಟೆ ಕಂಡಲ್ಲೆಲ್ಲ ಇಳಿದು, ಸೈಕಲ್ ತಳ್ಳಿಕೊಂಡು ಹೋಗಬೇಕೆಂದು ಅಪ್ಪಣೆಯಾಯಿತು. ಮರುದಿನ ಬೆಳಗಿನಿಂದ ಸಂಜೆವರೆಗೆ ಒಂದೇ ಪಾಠ: ಇಳಿಯುವುದು.

೩. ಹನ್ನೆರಡು ಹುಕ್ಕಾ

ತಿಂಗಳಾದ ಮೇಲೆ ಬ್ರೇಕ್ ನೋಡಲು ಹೋದೆ. ಹುಡುಗಿಯ ಮುಖ ಬಾಡಿತ್ತು. ಶಾಲೆಯ ದಾರಿಯಲ್ಲಿ ಹನ್ನೆರಡು ಕಡೆ ಹುಕ್ಕಾ ಕಟ್ಟೆ. ಹನ್ನೆರಡು ಸಲ ಇಳಿದು ಹತ್ತುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಇನ್ನೊಂದು ದಿನ ತಡವಾದರೆ ಹೆಸರು ಹೊಡೆದುಹಾಕುತ್ತೇನೆಂದು ಹೆಡ್ ಮೇಡಂ ಹೇಳಿದ್ದರು.

"ಚಾಚಾ, ಹತ್ತೋದು ಕಲಿಸಿದಿರಿ, ಇಳಿಯೋದು ಕಲಿಸಿದಿರಿ. ಹೋಗೋದು ಯಾವಾಗ ಕಲಿಸ್ತೀರಿ?"

ಯಮುನೆಯನ್ನೇ ಸೈಕಲ್ಲಿನಲ್ಲಿ ದಾಟಿದವನೆಂದು ಮೆರೆಯುತ್ತಿದ್ದ ನಾನು ಬಗ್ಗಿ ಬ್ರೇಕ್ ನೋಡತೊಡಗಿದೆ. ದಾಟಿದ್ದು ನಿಜ. ಸೇತುವೆ ಮೇಲೆ ಎಂಬುದನ್ನಷ್ಟೇ ಯಾರಿಗೂ ಹೇಳಿರಲಿಲ್ಲ.

೪. ಹಿಂದಿನ ಸೀಟು

ಅಜ್ಜನಿಗೆ ಹೋಗಿ ಎಲ್ಲ ಹೇಳಿದೆ. "ದೊಡ್ಡವಳನ್ನು ಬೇಗ ಕಳಿಸಿಬಿಟ್ಟೆ" ಎಂದಷ್ಟೇ ಅಂದ.

ಮರುದಿನ ಬೆಳಿಗ್ಗೆ ಹೊಸ ಪೇಟ ಸುತ್ತಿಕೊಂಡು ಬಂದು ಮೊಮ್ಮಗಳ ಕ್ಯಾರಿಯರ್ ಮೇಲೆ ಕೂತ. "ಚಲೋ, ಹೊರಡು." ನಾನು ಹಿಂದೆ ಹೊರಟೆ. ಮೊದಲ ಕಟ್ಟೆ ಬಂತು, ಹುಡುಗಿ ಅಭ್ಯಾಸಬಲದಿಂದ ಬ್ರೇಕ್ ಹಿಡಿದಳು.

"ಇಳಿಯಬೇಡ. ಇಲ್ಲಿ ನನಗಿಂತ ಹಿರಿಯ ಯಾರಿದ್ದಾನೆ?"

ಯಾರೂ ಇರಲಿಲ್ಲ. ಅವನನ್ನು ಕಂಡು ಕಟ್ಟೆಯ ಮೇಲಿದ್ದವರೇ ಹುಕ್ಕಾ ಬದಿಗಿಟ್ಟು ಎದ್ದು ನಿಂತರು. ಹನ್ನೆರಡು ಕಡೆಯೂ ಹಾಗೇ. ನಾವು ತಲುಪಿದಾಗ ಶಾಲೆಯ ಗೇಟಿನ ಬೀಗವೇ ತೆಗೆದಿರಲಿಲ್ಲ.

ಆದರೆ ಅಜ್ಜನ ಸೊಂಟ ಹಿಡಿದುಕೊಂಡಿತು. ಮಾರನೆಯ ದಿನ ಮಂಚದಿಂದ ಏಳಲಾಗಲಿಲ್ಲ. ತಲೆಯ ಪೇಟ ತೆಗೆದು ನನ್ನ ಕೈಗೆ ಕೊಟ್ಟ. "ಕಟ್ಟು, ಮಿಸ್ತ್ರಿ. ಇದೂ ನಾನೇ."

ಪೇಟವನ್ನು ಕ್ಯಾರಿಯರಿಗೆ ಬಿಗಿದೆ. ಪುಸ್ತಕದ ಚೀಲ ಅವನೇ ಹಾಕಿಸಿದ ಕಂಬಿಗೆ ನೇತುಬಿತ್ತು. ಜನ ನಗುತ್ತಾರೆ ಅಂದುಕೊಂಡಿದ್ದೆ. ಕಟ್ಟೆಯವರು ಪೇಟ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಎದ್ದರು.

ಅವಳು ಹನ್ನೆರಡನೆಯದಕ್ಕೆ ಬಂದ ವರ್ಷ ಅಜ್ಜ ತೀರಿಕೊಂಡ. ಪೇಟ ಮಾತ್ರ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಅದರ ಹಿಂದೆ ಉಳಿದ ಎಂಟೂ ಸೈಕಲ್ಲುಗಳು. ಕೇಳಿದರೆ ಹುಡುಗಿಯರು, "ನಾವು ದಾದಾ ಜೊತೆ ಬಂದವರು" ಅನ್ನುತ್ತಿದ್ದರು. ಒಂಬತ್ತೂ ದಾಟುವವರೆಗೆ ಹಿರಿಯರು ಕೂರುವಂತಿಲ್ಲ. ಕೊನೆಗೆ ಮಂಡಿ ನೋವು ತಾಳಲಾರದೆ, ಶಾಲೆಯ ಹೊತ್ತಾದರೆ ಸಾಕು, ಹನ್ನೆರಡು ಕಟ್ಟೆಯವರೂ ಹುಕ್ಕಾ ಎತ್ತಿಕೊಂಡು ಹಿತ್ತಿಲಿಗೆ ಓಡತೊಡಗಿದರು.