ಛತ್ರದ ಬೋರ್ಡುಗಳೂ ನನ್ನ ಮಾನವೂ

ಕಾವಲುಗಾರನ ಮಾನ ಹೋಗಬೇಕು ಅಂದ್ರೆ ಕಳ್ಳರೇ ಬರಬೇಕು ಅಂತೇನೂ ಇಲ್ಲ. ನನ್ನ ಕಾಲದಲ್ಲಿ ಕಳ್ಳ ಅನ್ನೋನು ಒಬ್ಬನೂ ಬರಲಿಲ್ಲ, ಆದರೂ ನನ್ನ ಮಾನ ಮಾತ್ರ ಆಗಾಗ ತಪ್ಪದೆ ಹೋಗ್ತಾನೇ ಇತ್ತು. ಎಲ್ಲಾ ಆ ಬೋರ್ಡುಗಳಿಂದ.

ಗುಬ್ಬಿ ಪೇಟೆಯಲ್ಲಿ ಒಂದು ಹಳೇ ಕಲ್ಲಿನ ಛತ್ರ. ಮಹಾರಾಜರ ಕಾಲದ್ದು, ಸಂರಕ್ಷಿತ ಕಟ್ಟಡ. ತೊಂಬತ್ತರ ದಶಕದಲ್ಲಿ ನಾನು ಅದಕ್ಕೆ ಕಾವಲುಗಾರನಾಗಿ ಸೇರಿದೆ, ದಿನಗೂಲಿ ಮೇಲೆ. ಛತ್ರದ ಮುಂದಿನ ಜಗಲಿಯಲ್ಲಿ ತಾತನ ಕಾಲದಿಂದಲೂ ಸಾಲಾಗಿ ಅಂಗಡಿಗಳು. ಅವರನ್ನ ಎಬ್ಬಿಸೋ ಹಾಗಿಲ್ಲ, ಅವರು ಬೋರ್ಡ್ ಹಾಕೋ ಹಾಗಿಲ್ಲ. ಕಂಬಕ್ಕೆ ಮೊಳೆ ಹೊಡೀಬಾರದು, ಗೋಡೆಗೆ ಬಣ್ಣ ಬಳೀಬಾರದು, ಎದುರಿಗೆ ಬೋರ್ಡ್ ನಿಲ್ಲಿಸಲೂಬಾರದು. ಒಂದು ಬೋರ್ಡ್ ಕಂಡರೂ ತುಮಕೂರಿನ ಪುರಾತತ್ವ ಇಲಾಖೆ ಸಾಹೇಬರು ಹಿಡಿಯೋದು ನನ್ನನ್ನೇ. ಖಾಯಂ ಆಗದ ಕೆಲಸ. ಅವರು ಬೇಡ ಅಂದ್ರೆ ಮಾರನೇ ದಿನದಿಂದ ನಾನು ಮನೇಲಿ. ಹೀಗಾಗಿ ಅಂಗಡಿಯವರ ಪಾಲಿಗೆ ನಾನೇ ಶನಿ.

ಮೊಳೆ

ಸೇರಿದ ಹೊಸತು. ಟೀ ಅಂಗಡಿಯವನು ಕಂಬಕ್ಕೊಂದು ಮೊಳೆ ಹೊಡೆದು ‘ಬಿಸಿ ಬಿಸಿ ಟೀ’ ಅಂತ ತಗಡು ನೇತುಹಾಕಿದ್ದ. ಪೇಟೆಗೆಲ್ಲ ಕೇಳೋ ಹಾಗೆ ಕೂಗಾಡಿದೆ. “ಇದನ್ನ ಏನಂದ್ಕೊಂಡಿದ್ದೀಯ? ಚರಿತ್ರೆ ಕಣಯ್ಯಾ ಇದು! ಚರಿತ್ರೆಗೇ ಮೊಳೆ ಹೊಡೀತೀಯಾ?” ಅಂತ ಅವನ ಕೈಯಲ್ಲೇ ಮೊಳೆ ಕೀಳಿಸಿ, ಅದನ್ನ ಜೇಬಿಗೆ ಹಾಕ್ಕೊಂಡು ಗತ್ತಿನಿಂದ ಬಂದು ಕೂತೆ.

ಮಾರನೇ ದಿನ ಇಲಾಖೆ ಜೀಪಲ್ಲಿ ಒಂದು ನೀಲಿ ಬೋರ್ಡ್ ಬಂತು. ‘ಇದು ಸಂರಕ್ಷಿತ ಕಟ್ಟಡ. ಮೊಳೆ ಹೊಡೆದು ವಿರೂಪಗೊಳಿಸಿದವರಿಗೆ ಶಿಕ್ಷೆ’ ಅಂತ ಬರೆದಿತ್ತು. ತಂದ ಡ್ರೈವರ್ ಹೇಳಿದ, “ಮುಂದ್ಗಡೆ ಕಂಬಕ್ಕೇ ಹೊಡೀಬೇಕಂತೆ, ಸಾಹೇಬ್ರು ಹೇಳವ್ರೆ. ಸಂಜೆ ಒಳಗೆ.”

“ಮೊಳೆ ಹೊಡೆದಾ?” ಅಂದೆ.

“ಇಲ್ಲ, ಅನ್ನ ಹಾಕಿ ಅಂಟಿಸು” ಅಂದವನೇ ಜೀಪ್ ಹತ್ತಿ ಹೊರಟ.

ಇಡೀ ಸಾಲಲ್ಲಿ ಸುತ್ತಿಗೆ ಇದ್ದದ್ದು ಟೀ ಅಂಗಡಿಯವನ ಹತ್ರ ಮಾತ್ರ. ತಲೆ ತಗ್ಗಿಸಿಕೊಂಡು ಹೋಗಿ ಕೇಳಿದೆ. ಅವನು ಸುತ್ತಿಗೆ ತಂದ, ಏಣಿ ತಂದ, ಬೋರ್ಡನ್ನೂ ತಾನೇ ಎತ್ತಿ ಹಿಡಿದ. ನಾನು ಮೊಳೆ ಹುಡುಕೋಕೆ ಶುರು ಮಾಡಿದಾಗ ಬಹಳ ಮರ್ಯಾದೆಯಿಂದ ಹೇಳಿದ, “ಹೊಸದ್ಯಾಕೆ ಸಾರ್ ದಂಡ? ನಂದು ನಿಮ್ಮ ಜೇಬಲ್ಲೇ ಐತಲ್ಲ. ತೂತೂ ರೆಡಿ ಐತೆ, ಅಲ್ಲಿಗೇ ಹೊಡೀರಿ.”

ಬಳೆ

ಬಳೆ ಅಂಗಡಿ ಸಾಬರು ವಯಸ್ಸಾದವರು, ನಯವಾದ ಮಾತು. “ಬೋರ್ಡ್ ಬೇಡ ಅಂದ್ರೆ ಬೇಡ ಬಿಡಿ ಸಾರ್” ಅಂದಿದ್ರು. ಅವರ ಅಂಗಡಿ ಪಕ್ಕದ ಕಂಬದಲ್ಲಿ ದೀಪ ಹಿಡಿದ ಹೆಂಗಸಿನ ವಿಗ್ರಹ. ದೀಪ ಯಾವ ಕಾಲದಲ್ಲೋ ಮುರಿದುಹೋಗಿ ಕೈಗಳು ಮಾತ್ರ ಮುಂದಕ್ಕೆ ಚಾಚಿಕೊಂಡಿದ್ದವು. ಒಂದು ಬೆಳಿಗ್ಗೆ ನೋಡ್ತೀನಿ, ಬಲಗೈ ತುಂಬ ಹಸಿರು ಗಾಜಿನ ಬಳೆ! ಬಿಸಿಲಿಗೆ ಮಿರಮಿರ ಅಂತ ಮಿಂಚ್ತಾ ಇವೆ. ರಸ್ತೇಲಿ ಹೋಗೋ ಹೆಂಗಸರೆಲ್ಲ ನಿಂತು ನೋಡಿ, ಹಾಗೇ ಅಂಗಡಿಗೆ ಹತ್ತುತಾ ಇದ್ದಾರೆ.

“ಏನ್ ಸಾಬ್ರೇ ಇದು?”

“ಬೋರ್ಡ್ ಅಲ್ವಲ್ಲ ಸಾರ್. ಮೊಳೆ ಇಲ್ಲ, ಬಣ್ಣ ಇಲ್ಲ, ಒಂದಕ್ಷರ ಇಲ್ಲ.”

ಇದಕ್ಕೆ ಕಾನೂನು ಏನು ಹೇಳುತ್ತೋ ನನಗೂ ಗೊತ್ತಿರಲಿಲ್ಲ. ಮೊದಲು ತೆಗೆದುಬಿಡೋಣ ಅಂತ ಸ್ಟೂಲ್ ಹತ್ತಿ ಒಂದು ಬಳೆ ಎಳೆದೆ. ಅದು ಚಟ್ ಅಂತ ಒಡೀತು. ಅಂಗಡೀಲಿ ಬಳೆ ಇಡಿಸ್ಕೊಳ್ತಾ ಕೂತಿದ್ದ ಪಕ್ಕದ ಕಡಬ ಊರಿನ ಹೆಂಗಸೊಬ್ಬಳು ಕಿರುಚಿದಳು ನೋಡಿ!

“ಅಯ್ಯಯ್ಯೋ! ಹಾಡಹಗಲೇ ಮುತ್ತೈದೆ ಬಳೆ ಒಡೀತಾವ್ನಲ್ಲೇ! ನಿನ್ ಮನೇಲಿ ಹೆಣ್ಮಕ್ಳಿಲ್ವೇನೋ?”

“ಅಮ್ಮಾ, ಅದು ಕಲ್ಲು ಕಣಮ್ಮಾ” ಅಂದೆ.

“ಕಲ್ಲಾದ್ರೇನು, ಹೆಂಗಸಲ್ವಾ?” ಅಂದಳು ಇನ್ನೊಬ್ಬಳು.

ಜನ ಸೇರಿತು. ಒಡೆದವನೇ ಹೊಸ ಬಳೆ ತೊಡಿಸಬೇಕು ಅಂತ ಹೆಂಗಸರೇ ತೀರ್ಮಾನ ಕೊಟ್ಟರು. ಖಾಕಿ ಬಟ್ಟೆ ಹಾಕ್ಕೊಂಡು, ಸ್ಟೂಲ್ ಮೇಲೆ ನಿಂತು, ಗುಬ್ಬಿ ಪೇಟೆ ಎಲ್ಲಾ ನೋಡ್ತಿರೋವಾಗ ಕಲ್ಲಿನ ಹೆಂಗಸಿಗೆ ಬಳೆ ತೊಡಿಸಿದೆ. ಕೆಳಗಿಳಿಯೋಣ ಅಂತಿದ್ದಾಗ ಸಾಬರು ಇನ್ನಷ್ಟು ಬಳೆ ಎತ್ತಿ ಕೊಟ್ಟರು. “ಎಡಗೈಗೂ ಹಾಕ್ಬಿಡಿ ಸಾರ್. ಹೆಂಗೂ ಹತ್ತಿದ್ದೀರಲ್ಲ.”

ಅಳತೆ ಬ್ಲೌಸು

ಎರಡು ಸಾವಿರದ ಇಸವಿ ದಾಟಿತ್ತು. ಜಗಲಿ ಮೂಲೇಲಿ ಖಾಲಿ ಬಿದ್ದಿದ್ದ ಅಂಗಡೀನ ಬಾಡಿಗೆಗೆ ಹಿಡಿದವಳು ಯಾರು ಅಂತೀರಿ? ನನ್ನ ಒಡಹುಟ್ಟಿದ ತಂಗಿ. ಕುಣಿಗಲ್ಲಿಗೆ ಕೊಟ್ಟಿದ್ದೆವು, ಗಂಡನಿಗೆ ಗುಬ್ಬೀಲಿ ಕೆಲಸ ಸಿಕ್ಕಿ ಇಲ್ಲಿಗೇ ಬಂದಿದ್ದಳು. ಹೆಂಗಸರ ಬಟ್ಟೆ ಹೊಲಿಯೋ ಅಂಗಡಿ ಇಟ್ಟಳು.

“ಅಣ್ಣಾ, ಒಂದು ಚಿಕ್ಕ ಬೋರ್ಡ್...” ಅಂದಳು.

“ಬೇರೆಯೋರಿಗೆ ಇಲ್ಲದ್ದು ನಿನಗೆ ಹೆಂಗಮ್ಮಾ ಕೊಡ್ಲಿ?” ಅಂದೆ. ಮತ್ತೆ ಕೇಳಲಿಲ್ಲ ಪಾಪ.

ಬೋರ್ಡ್ ಇಲ್ಲದ ಮೂಲೆ ಅಂಗಡಿ ಯಾರಿಗೆ ಕಾಣುತ್ತೆ? ಬಂದವರೆಲ್ಲ ಬಾಗಿಲಲ್ಲಿ ಕೂತ ನನ್ನನ್ನೇ ಕೇಳೋರು, “ಬ್ಲೌಸ್ ಹೊಲಿಯೋದು ಎಲ್ಲಿ?” ಅಂತ. ತಂಗಿ ಇಲ್ಲದ ಹೊತ್ತಲ್ಲಿ ಅಳತೆ ಬ್ಲೌಸನ್ನ ನನ್ನ ಕೈಗೇ ಕೊಟ್ಟು, “ತೋಳು ಸ್ವಲ್ಪ ಸಡಿಲ ಇರ್ಲಿ ಅಂತ ಹೇಳಿ” ಅಂದು ಹೋಗೋರು. ಬೋರ್ಡಂತೂ ಹಾಕಿಸಿಕೊಡಲಿಲ್ಲ, ಇಷ್ಟಾದ್ರೂ ಮಾಡೋಣ ಅಂತ ಇಸ್ಕೊಳ್ತಿದ್ದೆ.

ಒಂದಿನ ಹಾಗೆ ತೋಳ ಮೇಲೆ ಗುಲಾಬಿ, ಕಡುಹಸಿರು, ಜರಿ ಅಂಚಿಂದು ಎಲ್ಲಾ ಹಾಕ್ಕೊಂಡು ನಿಂತಿದ್ದೆ. ಸ್ಕೂಲ್ ಮಕ್ಕಳನ್ನ ಕರ್ಕೊಂಡು ಒಬ್ಬರು ಮೇಷ್ಟ್ರು ಛತ್ರ ನೋಡೋಕೆ ಬಂದರು. ನನ್ನ ಖಾಕಿ ಮಾತ್ರ ನೋಡಿ, “ಮಕ್ಕಳೇ, ನಮ್ಮ ನಾಡಿನ ಪರಂಪರೆಯನ್ನು ಹಗಲಿರುಳು ಕಾಯುತ್ತಿರುವವರು ಇವರೇ!” ಅಂದರು. ಆಮೇಲೆ ಅವರ ಕಣ್ಣು ನನ್ನ ತೋಳಿನ ಮೇಲೆ ಬಿತ್ತು. ಮುಂದೆ ನಿಂತಿದ್ದ ಒಂದು ಪುಟ್ಟ ಹುಡುಗಿ ಕೈ ಎತ್ತಿ ಕೇಳಿತು, “ಸಾರ್, ಇವೆಲ್ಲಾ ಯಾವ ಮಹಾರಾಣಿಯವು?”

ಕೊಡುಗೆ

ಆ ವರ್ಷ ಗೌರಿ ಹಬ್ಬಕ್ಕೆ ನಮ್ಮೂರು ಹೆಬ್ಬೂರಿಗೆ, ಅವ್ವನ ಹತ್ರ ಹೋಗಿದ್ದೆ. ತಂಗಿಗೆ ಬಾಗಿನ ಕೊಟ್ಟಾಯ್ತು, ಸೀರೆ ಕೊಟ್ಟಾಯ್ತು. ಊಟಕ್ಕೆ ಕೂತಾಗ ಅವ್ವ ಶುರು ಮಾಡಿದಳು.

“ಏನ್ಲಾ, ತಂಗಿ ಅಂಗಡಿ ಇಟ್ಟವ್ಳೆ, ತವರಿಂದ ಒಂದ್ ಬೋರ್ಡ್ ಬ್ಯಾಡ್ವೇನ್ಲಾ? ಅವಳ ಅತ್ತೆ ಕುಣಿಗಲ್ ತುಂಬ ಸಾರ್ಕೊಂಡು ಬತ್ತಾವ್ಳೆ, ಅಣ್ಣ ಅಲ್ಲೇ ಕೂತಿದ್ರೂ ಒಂದ್ ತಗಡು ಹಾಕ್ಸಿಲ್ಲ ಅಂತ.”

“ಇಲಾಖೆ ಮೊದ್ಲು ಕಣವ್ವಾ, ತಂಗಿ ಆಮೇಲೆ” ಅಂದುಬಿಟ್ಟೆ ಸಿಟ್ಟಲ್ಲಿ. ಅವ್ವ ಪಾಯಸ ಬಡಿಸಲೇ ಇಲ್ಲ.

ಅದಾದ ಸ್ವಲ್ಪ ದಿನಕ್ಕೆ ಕುಣಿಗಲ್‌ನ ಇನ್ನೊಂದು ಹಳೇ ಕಟ್ಟಡದ ಕಾವಲುಗಾರ ರಜ ಹಾಕಿದ ಅಂತ ನನ್ನನ್ನ ಅಲ್ಲಿಗೆ ಕಳಿಸಿದರು. ಒಂದು ವಾರ ಕಳೆದಿರಬೇಕು, ಸಾಹೇಬರೇ ಜೀಪಲ್ಲಿ ಬಂದರು. “ಬನ್ನಿ, ಗುಬ್ಬೀಗೂ ಹೋಗಿ ನಿಮ್ಮ ಛತ್ರ ನೋಡ್ಬಿಡೋಣ. ಖಾಯಂ ಮಾಡೋಕೆ ನಿಮ್ಮ ಹೆಸರು ಕಳಿಸೋಣ ಅಂತಿದ್ದೀನಿ” ಅಂದರು. ದಾರಿ ಉದ್ದಕ್ಕೂ ಕೊಚ್ಚಿಕೊಂಡೆ. ನನ್ನ ಕಟ್ಟಡದಲ್ಲಿ ಒಂದು ಅಕ್ಷರ ಕಾಣಲ್ಲ ಸಾರ್ ಅಂದೆ. ಸ್ವಂತ ತಂಗಿಗೂ ಬಿಟ್ಟಿಲ್ಲ ಸಾರ್ ಅನ್ನೋದು ನಾಲಿಗೆ ತುದೀಗೆ ಬಂದಿತ್ತು. ಮನೆ ವಿಷಯ ಯಾಕೆ ಅಂತ ನುಂಗಿಕೊಂಡೆ.

ಜೀಪ್ ಪೇಟೆಗೆ ತಿರುಗಿತು. ಛತ್ರದ ಮೂಲೇಲಿ ಬಾಗಿಲಗಲದ ಹಳದಿ ಬೋರ್ಡು! ಚೆಂಡುಹೂವಿನ ಹಾರ, ಅರಿಶಿನ ಕುಂಕುಮ, ಈಡುಗಾಯಿ ಒಡೆದ ಚೂರುಗಳು. ಅವ್ವ ರೇಷ್ಮೆ ಸೀರೆ ಉಟ್ಟು ನಿಂತಿದ್ದಾಳೆ. ತುಮಕೂರಿನ ಶಿರಾ ಗೇಟ್ ಹತ್ರ ಬರೆಸಿ, ಬಸ್ಸಲ್ಲಿ ಹೊತ್ಕೊಂಡು ಬಂದಿದ್ದಳಂತೆ. ತಂಗಿ, ಅವಳ ಗಂಡ, ಕುಣಿಗಲ್ಲಿಂದ ಬಂದ ಅತ್ತೆ, ಬೀಗರ ಕಡೆ ಹತ್ತಾರು ಜನ, ಎಲ್ಲರ ಕೈಯಲ್ಲೂ ಎಲೆ ಅಡಿಕೆ.

ಸಾಹೇಬರು ಇಳಿದು ಕನ್ನಡಕ ಸರಿಮಾಡಿಕೊಂಡು ಓದಿದರು. ಮೇಲೆ ‘ಲೇಡೀಸ್ ಟೈಲರ್ಸ್’. ಕೆಳಗೆ, ಪಾತ್ರೆ ಮೇಲೆ, ದೇವಸ್ಥಾನದ ಫ್ಯಾನ್ ಮೇಲೆ ಬರೆಸ್ತೀವಲ್ಲ ಹಾಗೆ, ಕೆಂಪು ಅಕ್ಷರದಲ್ಲಿ ‘ತವರಿನ ಕೊಡುಗೆ’ ಅಂತ ಹಾಕಿ ನನ್ನ ಹೆಸರು, ನನ್ನ ಹೆಸರಿನ ಪಕ್ಕ ‘ಛತ್ರದ ಸಾಹೇಬರು’.

ನನ್ನ ಕಡೆ ತಿರುಗಿದರು. “ಸಾಹೇಬ್ರು ನೀವಾದ್ರೆ, ನಾನ್ಯಾರ್ರೀ?”

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. “ಈ ಬೋರ್ಡ್ ಕೊಟ್ಟಿದ್ದು ನೀವೇನಾ?” ಅಂತ ಕೇಳಿದರು. ಅಲ್ಲ ಅನ್ನಬಹುದಿತ್ತು, ಅದೇ ನಿಜ. ಆದರೆ ಬೀಗರೆಲ್ಲ ನನ್ನ ಬಾಯನ್ನೇ ನೋಡ್ತಿದ್ದರು. ತಂಗಿ ಸೆರಗಿನ ತುದಿ ಹಿಡ್ಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಸಂತೋಷ ನಾನು ಮದುವೆ ದಿನಾನೂ ಕಂಡಿರಲಿಲ್ಲ.

“ಹೌದು ಸಾರ್. ನಾನೇ ಕೊಟ್ಟಿದ್ದು” ಅಂದೆ.

“ಹಾಗಾದ್ರೆ ನಾಳೆಯಿಂದ ಕೆಲಸಕ್ಕೆ ಬರೋದು ಬೇಡ.”

ಅವ್ವ ಎಲೆ ಅಡಿಕೆ ತಟ್ಟೆ ಬಿಸಾಕಿ ಓಡಿ ಬಂದಳು. “ಅಯ್ಯೋ ಸ್ವಾಮೀ, ಇವನ ಮಾತ್ ನಂಬಬ್ಯಾಡಿ! ಇವ್ನೆಲ್ಲಿ ಕೊಡ್ತಾನೆ? ಇವನು ತಂಗಿಗೆ ಒಂದ್ ಎಳೆ ದಾರಾನೂ ಕೊಟ್ಟೋನಲ್ಲ!” ಸೀರೆ, ಬಾಗಿನ ಎಲ್ಲಾ ಒಂದೇ ಉಸಿರಲ್ಲಿ ನುಂಗಿಬಿಟ್ಟಳು. “ಹಬ್ಬದ ದಿನ ನಾನು ಹೆತ್ತ ತಾಯಿ ಕೇಳಿದ್ರೆ, ಇಲಾಖೆ ಮೊದ್ಲು, ತಂಗಿ ಆಮೇಲೆ ಅಂದ ಪುಣ್ಯಾತ್ಮ. ಬೀಗರ ಮುಂದೆ ಮರ್ಯಾದೆ ಉಳೀಲಿ ಅಂತ ನಾನೇ ಬರೆಸಿ, ಇವನ ಹೆಸರು ಹಾಕ್ಸಿದೆ. ಇವನಿಗೆ ಏನೂ ಗೊತ್ತಿಲ್ಲ, ನಿಮ್ಮ ದಮ್ಮಯ್ಯ!”

ಸಾಹೇಬರ ಮುಖ ಅರಳಿತು. “ಇಲಾಖೆ ಮೊದ್ಲು ಅಂದ್ರಾ?” ಅಂತ ಮತ್ತೆ ಕೇಳಿ ಖಾತ್ರಿ ಮಾಡ್ಕೊಂಡರು. ಬೋರ್ಡ್ ಇಳಿಸೋಕೆ ಡ್ರೈವರ್‌ಗೆ ಹೇಳಿ, ನನ್ನ ಹೆಗಲ ಮೇಲೆ ಕೈಯಿಟ್ಟು, ಜನರ ಕಡೆ ನನ್ನನ್ನ ತಿರುಗಿಸಿ ನಿಲ್ಲಿಸಿದರು. “ನೋಡ್ರೀ ಎಲ್ಲಾರೂ! ಹೆತ್ತ ತಾಯಿ ಬೇಡಿಕೊಂಡ್ರೂ ಒಡಹುಟ್ಟಿದವಳಿಗೆ ಒಂದೆಳೆ ದಾರ ಕೊಡದ ಮನುಷ್ಯ ಇವರು! ಇಂಥೋರೇ ಬೇಕು ನಮ್ಮ ಇಲಾಖೆಗೆ. ಇವರನ್ನ ಖಾಯಂ ಮಾಡಿಸೋದು ನನ್ನ ಜವಾಬ್ದಾರಿ. ತಟ್ಟಿ ಚಪ್ಪಾಳೆ!”

ಟೀ ಅಂಗಡಿಯವನು ತಟ್ಟಿದ, ಸಾಬರು ತಟ್ಟಿದರು. ಅವ್ವ ಕಣ್ಣೊರೆಸಿಕೊಳ್ತಾ ತಟ್ಟಿದಳು. ನಾನು ಎಲ್ಲಿ ಮುಖ ಇಡೋದು ಅಂತ ತಿಳೀದೆ ನಿಂತಿದ್ದೆ. ಎಲ್ಲರೂ ತಟ್ಟಿ ಮುಗಿಸಿದ ಮೇಲೂ ಒಬ್ಬರು ಮಾತ್ರ ನನ್ನನ್ನೇ ನೋಡ್ತಾ ಇನ್ನೂ ಜೋರಾಗಿ ತಟ್ಟುತ್ತಲೇ ಇದ್ದರು. ತಂಗಿಯ ಅತ್ತೆ.