ಹೊಸ್ತಿಲಿಲ್ಲದ ಮೂರಂತಸ್ತು

ಮನೆ ಕಟ್ಟಿಸುವಾಗ ಹುಚ್ಚು ಹಿಡಿಯುವುದು ಸಹಜ. ಆದರೆ ಹುಚ್ಚು ಹಿಡಿದ ಮೇಲೆ ಮನೆ ಕಟ್ಟಿಸಿದವರು ನಮ್ಮ ದೊಡ್ಡಪ್ಪ ಒಬ್ಬರೇ! ಹಾಗೆಂದು ಯಲಹಂಕವೆಲ್ಲ ಆಡಿಕೊಳ್ಳುತ್ತಿತ್ತು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಎಬ್ಬಿಸಿದ ಮೂರಂತಸ್ತನ್ನು ತಲೆ ಎತ್ತಿ ನೋಡಿದರೆ ಹಳಬರ ಪೇಟ ಜಾರುತ್ತಿತ್ತು. ಮೇಲಿನ ಎರಡು ಬಾಡಿಗೆಗೆ, ಕೆಳಗಿನದು ತಮಗೆ. ಮುಂದುಗಡೆ ಎತ್ತಿನ ಗಾಡಿ ತಿರುಗುವಷ್ಟು ದೊಡ್ಡ ಹಜಾರ. ಎಲ್ಲ ಸರಿ, ಹೊಸ್ತಿಲೇ ಇಲ್ಲ! ಬೀದಿಯಿಂದ ಅಡುಗೆಮನೆಯವರೆಗೆ ಒಂದೇ ಸಮ ಕೆಂಪು ಗಾರೆ.

"ಒಸ್ಲಿಲ್ದಿದ್ರೆ ಲಕ್ಷ್ಮಿ ಎಲ್ ನಿಲ್ತಾಳೆ?" ಎಂದು ದೊಡ್ಡಮ್ಮ ಕೇಳಿದರು.

"ನಿಲ್ಲೋದ್ಯಾಕೆ, ಒಳಕ್ಕೇ ಬರ್ಲಿ."

ಲಕ್ಷ್ಮಿ ಬಂದಳೋ ಇಲ್ಲವೋ, ಪಕ್ಕದ ಮನೆಯ ಎಮ್ಮೆ ಬಂದು ಕಲಗಚ್ಚು ಕುಡಿದು ಹೋಯಿತು. ಪೋಸ್ಟ್‌ಮನ್ ಸೈಕಲ್ ಇಳಿಯದೆ ಒಲೆಯ ಮುಂದೆಯೇ ಕಾಗದ ಕೊಟ್ಟ. ಒಮ್ಮೆ ಮದುವೆ ದಿಬ್ಬಣವೊಂದು ಛತ್ರವೆಂದು ತಿಳಿದು ಜಮಖಾನ ಹಾಸಿಬಿಟ್ಟಿತು. ದೊಡ್ಡಪ್ಪ ಎಲ್ಲರಿಗೂ ಕಾಫಿ ಕೊಡಿಸಿದರು. "ಮುಹೂರ್ತ ಎಷ್ಟೊತ್ಗೆ ಅಂತ ನನ್ನೇ ಕೇಳ್ತಾರಲ್ರೀ" ಎಂದು ದೊಡ್ಡಮ್ಮ ಹಣೆ ಚಚ್ಚಿಕೊಂಡರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ದೊಡ್ಡಪ್ಪ ಎರಡನ್ನೂ ಒಂದೇ ಹಜಾರದಲ್ಲಿ ನೋಡಿದರು!

ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಚಿಕ್ಕಜಾಲಕ್ಕೆ ಕೊಟ್ಟಿದ್ದ ತಂಗಿಗೆ, ಅಂದರೆ ನಮ್ಮ ಅತ್ತೆಗೆ, ಒಂದು ವರ್ಷ ಗೌರಿ ಹಬ್ಬದ ಬಾಗಿನ ಕಳಿಸುವುದನ್ನು ಅವರು ಮರೆತಿದ್ದರು. ಅತ್ತೆ ಹಳೆಯ ಮನೆಯ ಬಾಗಿಲಲ್ಲಿ ನಿಂತು, "ಇನ್ನು ನಿನ್ ಒಸ್ಲು ತುಳಿಯಾಕಿಲ್ಲ ಕಣಣ್ಣ" ಎಂದು ಹೋದವರು ಮತ್ತೆ ಬರಲಿಲ್ಲ. ಮರುವರ್ಷ ಕಳಿಸಿದ ಬಾಗಿನವೂ ಹಿಂದಕ್ಕೆ ಬಂತು. ತಂಗಿಯ ಮಾತು ಮುರಿಯದಂತೆ ಅವಳನ್ನು ಮನೆಯೊಳಗೆ ಬರಮಾಡಿಕೊಳ್ಳಲು ಅಣ್ಣ ಕಂಡುಕೊಂಡ ದಾರಿ ಇದು.

"ಹೋಗಿ ಒಂದ್ಸಲ ಕರೀಬಾರ್ದಾ ದೊಡ್ಡಪ್ಪ?" ಎಂದೆ.

"ಕರಿಯೋದೇನ್ಲಾ? ಒಸ್ಲಿಲ್ದ ಮನೆ ಅಂತ ಊರೆಲ್ಲ ನಗ್ತೈತೆ. ಅವಳ ಕಿವಿಗೂ ಬಿದ್ದಿರ್ತದೆ. ಬರ್ತಾಳೆ."

ಪ್ರತಿ ಗೌರಿ ಹಬ್ಬಕ್ಕೂ ಹಜಾರದಲ್ಲಿ ಕುರ್ಚಿ ಹಾಕಿಕೊಂಡು ಚಿಕ್ಕಜಾಲದ ಬಸ್ಸಿನ ದಾರಿ ಕಾಯುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು.

ಅತ್ತೆ ಬಂದರು. ಅದೇ ಹಜಾರದಲ್ಲಿ ದೊಡ್ಡಪ್ಪನನ್ನು ಚಾಪೆಯ ಮೇಲೆ ಮಲಗಿಸಿ ತಲೆಯ ಬಳಿ ದೀಪ ಹಚ್ಚಿಟ್ಟಿದ್ದೆವು. ಬೀದಿಯಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದು ಪಕ್ಕದಲ್ಲಿ ಕುಸಿದು ಕುಳಿತರು.

"ನೋಡವ್ವ, ನಿಂಗೋಸ್ಕರ ಒಸ್ಲೇ ಇಡಿಸ್ಲಿಲ್ಲ" ಎಂದರು ದೊಡ್ಡಮ್ಮ.

ಅತ್ತೆ ಅಣ್ಣನ ಕೈ ಹಿಡಿದುಕೊಂಡರು.

"ಒಸ್ಲಿದ್ದಿದ್ರೂ ಬರ್ತಿದ್ದೆ ಕಣಣ್ಣ. ಒಂದ್ ಕಿತ ಬಾ ಅನ್ಬಾರ್ದಾಗಿತ್ತಾ?"