ಮೀಸೆ ಇದ್ದ ಕಾಲದ ಹೀರೋ

ತಲೆ ನರೆತ ಮೇಲೂ ಆಟಿಕೆ ಕೂಡಿಡುವವನ ಬದುಕಿನಲ್ಲಿ ನೆಟ್ಟಗಿನ ದಿನ ಅಂತ ಒಂದೂ ಇರುವುದಿಲ್ಲ ಮಾರಾಯ್ರೆ! ನಾನು ಫೋರ್ಟಿನ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ಮುಲುಂಡಿನ ನಮ್ಮ ಫ್ಲ್ಯಾಟಿನ ಗಾಜಿನ ಕಪಾಟಿನಲ್ಲಿ ಒಬ್ಬನೇ ಸೂಪರ್‌ಹೀರೋ ಸಾಲಾಗಿ ನಿಂತಿದ್ದಾನೆ. ಒಬ್ಬನೇ ಸಾಲಾಗಿ ಹೇಗೆ ನಿಲ್ಲುತ್ತಾನೆ ಅಂದರೆ, ಕಂಪನಿಯವರು ಆಗಾಗ ಅವನ ವೇಷ ಬದಲಿಸಿ ಹೊಸ ಎಡಿಷನ್ ಬಿಡುತ್ತಾರೆ, ನಾನು ಬಿಡದೆ ತರುತ್ತೇನೆ. ಅವನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನಾಳೆ ನೀವೂ ಹುಡುಕಲು ಹೊರಡುತ್ತೀರಿ, ಆಮೇಲೆ ನನಗೆ ಸಿಕ್ಕ ಹಾಗೆಯೇ!

ಆ ಸಾಲಿನ ಮೊದಲ ಜಾಗ ಬಹಳ ಕಾಲ ಖಾಲಿ ಇತ್ತು. ಅದು ಮೊಟ್ಟಮೊದಲ ಎಡಿಷನ್ನಿಗೆ ಅಂತ ಇಟ್ಟ ಜಾಗ. ಒಂದಡಿ ಎತ್ತರ, ಸ್ವಲ್ಪ ಹೊಟ್ಟೆ, ಹಸಿರು ಪ್ಯಾಂಟು, ಅದರ ಮೇಲೆ ಕೆಂಪು ಚಡ್ಡಿ, ಬೆನ್ನಿಗೆ ಹಳದಿ ಹೊದಿಕೆ, ಮುಖದ ಮೇಲೆ ತುದಿ ತಿರುಚಿದ ದಪ್ಪ ಮೀಸೆ! ಚಿಕ್ಕಂದಿನಲ್ಲಿ ಅಂಗಡಿಯ ಗಾಜಿಗೆ ಮೂಗು ಒತ್ತಿ ನೋಡಿದ್ದೆ. ಕೈಗೆ ಸಿಕ್ಕಿರಲಿಲ್ಲ. ಅವನೊಬ್ಬ ಬಂದು ಅಲ್ಲಿ ನಿಲ್ಲದೆ ನನಗೆ ಸಮಾಧಾನವೇ ಇರಲಿಲ್ಲ.

"ಅಲ್ಲಿ ನನ್ನ ಉಪ್ಪಿನಕಾಯಿ ಭರಣಿ ಇಡ್ಲಾ ರೀ?" ಅಂತ ನನ್ನ ಹೆಂಡತಿ ಕೇಳುತ್ತಿದ್ದಳು. ಅವಳು ಮೈಸೂರಿನವಳು. ಅವಳೂ ನವರಾತ್ರಿಗೆ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾಳೆ. ಆದರೆ ಅವಳದು ಸಂಪ್ರದಾಯವಂತೆ, ನನ್ನದು ಹುಚ್ಚಂತೆ!

ಭಟ್ಟರ ತೀರ್ಪು

ಹೊಸ ಎಡಿಷನ್ ಕೈಗೆ ಬಂದ ದಿನ ನನಗೆ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ. ಯಾರಿಗಾದರೂ ತೋರಿಸಬೇಕು. ಹೋಟೆಲಿನ ಅಡುಗೆ ಭಟ್ಟರನ್ನು ಹಿಡಿದು ನಿಲ್ಲಿಸಿ, ಫೋನಿನಲ್ಲಿ ಎಲ್ಲ ಎಡಿಷನ್ನುಗಳ ಫೋಟೋ ಒಂದೊಂದಾಗಿ ತೋರಿಸಿದೆ.

"ನೋಡಿ ಭಟ್ರೆ, ಮೊದಲು ಮೀಸೆ ಹೋಯಿತು. ಆಮೇಲೆ ಚಡ್ಡಿ ಪ್ಯಾಂಟಿನ ಒಳಗೆ ಹೋಯಿತು. ಆಮೇಲೆ ಹೊಟ್ಟೆ ಹೋಗಿ ಹೊಟ್ಟೆಯಲ್ಲೇ ಇಟ್ಟಿಗೆ ಇಟ್ಟ ಹಾಗೆ ಗಂಟು ಬಂತು. ಈಗ ಬಣ್ಣವೂ ಹೋಗಿ ಮೈಯೆಲ್ಲ ಬೂದಿ. ಮುಖ ಮಾತ್ರ ಯಾಕೋ ವರ್ಷದಿಂದ ವರ್ಷಕ್ಕೆ ಸಿಟ್ಟು!"

ಭಟ್ಟರು ಸೌಟು ಹಿಡಿದುಕೊಂಡೇ ಮೊದಲನೆಯವನನ್ನೂ ಕೊನೆಯವನನ್ನೂ ಸರಿಯಾಗಿ ನೋಡಿದರು.

"ಇದರಲ್ಲಿ ಎಂತ ಉಂಟು ಮಾರಾಯ್ರೆ! ಇವ ಊಟ ಮಾಡಿ ಬಂದವ. ಅವ ಡಯಟಿನವ. ಹೊಟ್ಟೆಗೆ ಅನ್ನ ಬೀಳದಿದ್ದರೆ ನಿಮಗೂ ಅದೇ ಮುಖ ಬರ್ತದೆ."

ಉಗ್ರ ದೇವರು

ಪರೇಲಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದಾರೆ, ಧಾರವಾಡದ ಕಡೆಯವರು. ಅವರಿಗೂ ಇದೇ ಹೀರೋನ ಹುಚ್ಚು. ಆ ಸಿಟ್ಟುಮುಖದ ಬೂದಿ ಎಡಿಷನ್ ಅವರಿಗೆ ತೋರಿಸಿಯೇ ಹೋಟೆಲಿಗೆ ಹೋಗೋಣ ಅಂತ ಬೆಳಿಗ್ಗೆ ಸ್ಲೋ ಲೋಕಲ್ ರೈಲು ಹತ್ತಿದೆ. ಆಟಿಕೆಯ ಡಬ್ಬಿಯ ಮುಂಭಾಗ ಪೂರ್ತಿ ಪ್ಲಾಸ್ಟಿಕ್, ಒಳಗೆ ಹೀರೋ ಎದ್ದು ಕಾಣುತ್ತಾನೆ. ಜನರ ನಡುವೆ ಅಪ್ಪಚ್ಚಿಯಾದೀತೆಂದು ಮೇಲಿನ ರ‍್ಯಾಕಿನಲ್ಲಿ ಇಟ್ಟೆ.

ದಸರಾದ ಹಿಂದಿನ ದಿನ ಅನ್ನುವುದು ನನಗೆ ಮರೆತೇ ಹೋಗಿತ್ತು. ಅವತ್ತು ದಿನಾ ಹೋಗುವವರೆಲ್ಲ ಸೇರಿ ರೈಲಿನ ಬೋಗಿಗೆ ಹೂ ಕಟ್ಟಿ, ರ‍್ಯಾಕಿನಲ್ಲಿ ದೇವರ ಫೋಟೋ ಇಟ್ಟು ಪೂಜೆ ಮಾಡುತ್ತಾರೆ. ಘಾಟ್ಕೋಪರ್ ಬರುವಷ್ಟರಲ್ಲಿ ಫೋಟೋದ ಜೊತೆಗೆ ನನ್ನ ಡಬ್ಬಿಗೂ ಚೆಂಡುಹೂವಿನ ಮಾಲೆ ಬಿದ್ದಿತ್ತು, ಕುಂಕುಮವೂ ಏರಿತ್ತು. ಪರೇಲ್ ಬಂತು. ನಾನು ಕೈ ಚಾಚಿದರೆ ಒಬ್ಬರು ಗದರಿದರು. "ಆರತಿ ನಡೀತಾ ಇದೆ, ಈಗ ಎತ್ತಬಾರದು!"

ಕೊನೆಯ ಸ್ಟೇಷನ್ನಿನ ತನಕ ಕೈಮುಗಿದು ನಿಂತೆ. ಇಳಿಯುವಾಗ ಪಕ್ಕದ ಹಿರಿಯರು ನನಗೆ ಪ್ರಸಾದ ಕೊಟ್ಟು, ಭಕ್ತಿಯಿಂದ ಕೇಳಿದರು. "ಮುಖ ನೋಡಿದರೆ ಬಹಳ ಉಗ್ರ ದೇವರು. ನಿಮ್ಮ ಊರಿನದಾ?"

ಬೇಕಾದಷ್ಟು ಮೀಸೆ

ಬೈಕುಲ್ಲಾದ ಒಬ್ಬ ಹಳೆ ಸಾಮಾನಿನವನಿಗೆ ನಾನು ಹೇಳಿಟ್ಟಿದ್ದೆ. "ಬೇರೆ ಏನೂ ಬೇಡ ಭಾಯ್, ಮೀಸೆ ಇರುವವನು ಬಂದರೆ ಮಾತ್ರ ಫೋನ್ ಮಾಡು. ಮೀಸೆ ಮುಖ್ಯ!"

ಮಧ್ಯಾಹ್ನದ ಊಟದ ಗಿರಾಕಿಗಳು ಕ್ಯೂ ನಿಂತಿರುವಾಗಲೇ ಫೋನ್ ಬಂತು. "ಸೇಠ್, ಮೀಸೆಯವ ಸಿಕ್ಕಿದ್ದಾನೆ. ಬೇಗ ಬನ್ನಿ!" ಅಯ್ಯೋ, ನನ್ನ ಎದೆ ಹೊಡೆದುಕೊಂಡದ್ದು ಎದುರಿಗಿದ್ದ ಗಿರಾಕಿಗೂ ಕೇಳಿಸಿರಬೇಕು. ಕೌಂಟರನ್ನು ಭಟ್ಟರಿಗೆ ಒಪ್ಪಿಸಿ ಟ್ಯಾಕ್ಸಿ ಹಿಡಿದು ಓಡಿದೆ.

ಅಂಗಡಿಯ ಮೇಜಿನ ಮೇಲೆ ಆಟಿಕೆಗಳ ಸಾಲು. ಹೀರೋನ ಆಮೇಲಿನ ಎಡಿಷನ್ನುಗಳು, ಒಬ್ಬ ಪೊಲೀಸು, ಒಂದು ಕರಡಿ, ಫ್ರಾಕು ಹಾಕಿದ ಒಂದು ಹುಡುಗಿ ಗೊಂಬೆ. ಎಲ್ಲದಕ್ಕೂ ಮೀಸೆ! ಮಾರ್ಕರಿನ ಮಸಿ ಇನ್ನೂ ಆರಿರಲಿಲ್ಲ.

ನಾನು ತಲೆಯ ಮೇಲೆ ಕೈ ಹೊತ್ತು ಕೂತದ್ದನ್ನು ನೋಡಿ ಅವನಿಗೆ ಪಾಪ ಅನ್ನಿಸಿತು. "ತೆಳ್ಳಗಾಯಿತಾ ಸೇಠ್? ಒಂದು ನಿಮಿಷ ಇರಿ, ದಪ್ಪ ಮಾಡಿಕೊಡ್ತೀನಿ."

ಪಟ್ಟದ ರಾಜ

ಮೈಸೂರಿನವರ ಗೊಂಬೆ ಮೆಟ್ಟಿಲಿನ ತುತ್ತತುದಿಯಲ್ಲಿ ಪಟ್ಟದ ಗೊಂಬೆಗಳು ಕೂರುತ್ತವೆ. ತವರಿನಿಂದ ಮಗಳಿಗೆ ಬರುವ ರಾಜ ರಾಣಿಯ ಮರದ ಜೋಡಿ. ನಮ್ಮ ಮನೆಯ ರಾಜ ರಾಣಿಗೂ ಪ್ರತಿ ನವರಾತ್ರಿ ನಾನು ಕೈಮುಗಿಯುತ್ತೇನೆ. ಆದರೆ ಸುಳ್ಳು ಯಾಕೆ ಹೇಳಲಿ, ಕಣ್ಣು ಮಾತ್ರ ಕೆಳಗಿಟ್ಟ ಕಡಲೆ ಉಸಲಿಯ ಮೇಲೆಯೇ.

ಕಳೆದ ನವರಾತ್ರಿಗೆ ಅತ್ತೆ ಮೈಸೂರಿನಿಂದ ಬಂದರು. ರಾಜನಿಗೆ ಹೊಸ ರೇಷ್ಮೆ ಪಂಚೆ, ಜರಿ ಪೇಟ ತಂದಿದ್ದರು. "ಅಳಿಯಂದ್ರೇ, ನನಗೆ ಮಂಡಿ ನೋವು. ನೀವೇ ಸ್ಟೂಲ್ ಹತ್ತಿ ಹಳೇದು ಬಿಚ್ಚಿ ಉಡಿಸಿಬಿಡಿ."

ಅಡುಗೆಮನೆಯಿಂದ ಹೆಂಡತಿ "ರೀ, ಬೇಡ! ಮುಟ್ಟಬೇಡಿ!" ಅಂತ ಕೂಗುತ್ತ ಓಡಿ ಬಂದಳು. ಅಷ್ಟರಲ್ಲಿ ನಾನು ಪಂಚೆ ಎಳೆದಾಗಿತ್ತು.

ಒಳಗೆ ಹಸಿರು ಪ್ಯಾಂಟು. ಅದರ ಮೇಲೆ ಕೆಂಪು ಚಡ್ಡಿ!

ಪೇಟ ತೆಗೆದೆ, ಹಾರ ತೆಗೆದೆ, ಶಲ್ಯ ತೆಗೆದೆ. ಹಳದಿ ಹೊದಿಕೆ! ತಿರುಚಿದ ಮೀಸೆ! ನಾನು ಸ್ಟೂಲಿನ ಮೇಲೆಯೇ ಕುಣಿದುಬಿಟ್ಟೆ. ಊರೆಲ್ಲ ಹುಡುಕಿದವನು ನನ್ನದೇ ಹಾಲ್‌ನಲ್ಲಿ ರಾಜನಾಗಿ ಕೂತಿದ್ದ! ನಾನು ಅವನಿಗೆ ವರ್ಷವರ್ಷವೂ ಕೈಮುಗಿದಿದ್ದೆ!

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಇದೇನೇ ಇದು, ಮಹಾರಾಜರು ಚಡ್ಡೀನ ಮೇಲೆ ಹಾಕ್ಕೊಂಡಿದ್ದಾರೆ?"

ಹೆಂಡತಿಯ ಮುಖ ಸಣ್ಣಗಾಯಿತು. ಮದುವೆಯಾದ ಹೊಸದರಲ್ಲಿ ಗೊಂಬೆ ಇಳಿಸುವಾಗ ಮರದ ರಾಜ ಕೈಜಾರಿ ಬಿದ್ದು ಕುತ್ತಿಗೆ ಮುರಿದಿತ್ತಂತೆ. ಅಮ್ಮನಿಗೆ ಹೇಳಲು ಧೈರ್ಯವಿಲ್ಲ, ರಾಣಿಯನ್ನು ಒಬ್ಬಳೇ ಕೂರಿಸುವಂತಿಲ್ಲ. ಸ್ಟೇಷನ್ ಸೇತುವೆಯ ಮೇಲೆ ಹಳೆ ಆಟಿಕೆ ಮಾರುವವನಿಂದ ಎತ್ತರವೂ ಮೀಸೆಯೂ ಹೊಂದುವ ಇವನನ್ನು ತಂದು ಪಂಚೆ ಉಡಿಸಿದ್ದಳು. ನಾನು ಕೂಡಿಡಲು ಶುರು ಮಾಡುವ ಮೊದಲೇ ನಡೆದ ಕತೆ ಇದು. ಒಳಗೆ ಯಾವ ಹೀರೋ ಇದ್ದಾನೆಂದು ಅವಳಿಗೇ ಮರೆತುಹೋಗಿತ್ತು.

"ಹಾಗಾದರೆ ಇವನು ನನ್ನ ಕಪಾಟಿಗೆ!" ಅಂದೆ.

"ಇಷ್ಟು ವರ್ಷ ಪೂಜೆ ಆಗಿದೆ. ಈಗ ಇವನೇ ರಾಜ," ಎಂದು ಅತ್ತೆ ಖಡಾಖಂಡಿತವಾಗಿ ಹೇಳಿದರು. "ನವರಾತ್ರಿಗೆ ಇಲ್ಲೇ ಕೂರಬೇಕು. ಆಮೇಲೆ ಬೇಕಾದ್ರೆ ಕರ್ಕೊಂಡು ಹೋಗಿ. ಆದರೆ ಜೋಡಿ ಅಗಲಿಸೋ ಹಾಗಿಲ್ಲ. ರಾಣೀನೂ ಜೊತೆಗೆ ಹೋಗ್ತಾಳೆ."

ದಸರಾ ಮುಗಿದ ಮರುದಿನ ಪರೇಲಿನ ಡಾಕ್ಟರು ಓಡೋಡಿ ಬಂದರು. ನಾನು ಪಂಚೆ ಬಿಚ್ಚಿ ಕಪಾಟಿನ ಮೊದಲ ಜಾಗದಲ್ಲಿ ನಿಲ್ಲಿಸಿದ್ದ ಹೀರೋನನ್ನು ಎತ್ತಿ, ಭೂತಗನ್ನಡಿ ಹಿಡಿದು ಮೀಸೆ ನೋಡಿದರು, ಚಡ್ಡಿ ನೋಡಿದರು, ಅಂಗಾಲು ನೋಡಿದರು. "ಅಸಲಿ ಅದ ಶೆಟ್ರ! ಅಗದೀ ಮೊದಲನೇದು!" ಅಂದವರು ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು ನಿಂತ ರಾಣಿಯನ್ನು ಕಂಡು ಗಾಬರಿಯಾದರು. "ಇದೇನ್ರೀ ಇದು? ನನಗ ಗೊತ್ತs ಇರಲಿಲ್ಲಲಾ. ಮೊದಲನೇ ಎಡಿಷನ್‌ದಾಗ ಹೇಣ್ತಿನೂ ಬರ್ತಿದ್ಲೇನು?"

ಕಾಫಿ ತಂದ ನನ್ನ ಹೆಂಡತಿ ಲೋಟ ಅವರ ಕೈಗಿಟ್ಟಳು.

"ಬರದೆ ಇರ್ತಾಳಾ ಡಾಕ್ಟ್ರೇ? ಆಮೇಲೆ ಮೀಸೆ ತೆಗೆಸಿದ್ದು, ಚಡ್ಡಿ ಒಳಗೆ ಹಾಕಿಸಿದ್ದು, ಹೊಟ್ಟೆ ಕರಗಿಸಿದ್ದು ಎಲ್ಲ ಮತ್ತೆ ಯಾರು ಅಂದ್ಕೊಂಡ್ರಿ?"